‘ಗೋಯಿಂಗ್ ಹೋಮ್’ ಎಂಬ ಮಕ್ಕಳ ಚಿತ್ರಪುಸ್ತಕ

ಮಕ್ಕಳಿಗಾಗಿ ರಚಿತವಾದ ಪುಸ್ತಕಗಳನ್ನು ಸಾಹಿತ್ಯವೆಂದು ಗಣಿಸಿ, ಗುಣದೋಷಗಳನ್ನು ತೂಗಿ ನೋಡುವ ರೂಢಿಯು ನಮ್ಮಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ. ಚಿತ್ರವು ವಿಪುಲವಾಗಿ ಮಾತು ಮಿತವಾಗಿರುವ ಚಿತ್ರಪುಸ್ತಕವಂತೂ ಅನೇಕರ ದೃಷ್ಟಿಯಲ್ಲಿ ಆಟದ ಸಾಮಾನಿಗಿಂತ ಹೆಚ್ಚಿನದಲ್ಲ. ಆದರೆ ಕಾವ್ಯದ ಯೋಗ್ಯತೆಯು ಅದರ ಗಾತ್ರವನ್ನಾಗಲಿ ಓದುಗನ ವಯಸ್ಸನ್ನಾಗಲಿ ಅವಲಂಬಿಸಿದುದಲ್ಲವೆಂದು ನಮ್ಮ ಆಲಂಕಾರಿಕರು ಬಹು ಹಿಂದೆಯೇ ನಿರ್ಣಯಿಸಿರುತ್ತಾರೆ. ಸಹೃದಯನಲ್ಲಿ ರಸವು ನಿಷ್ಪನ್ನವಾಯಿತೇ ಇಲ್ಲವೇ ಎಂಬುದೊಂದೇ ಅವರು ಕೇಳಿದ ಪ್ರಶ್ನೆ. ಆ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು, ಕ್ರಿಸ್‌ಮಸ್ ಹಬ್ಬಕ್ಕಾಗಿ ಸ್ವಗ್ರಾಮಕ್ಕೆ ಪ್ರಯಾಣ ಮಾಡುವ ಒಂದು ವಲಸೆಗಾರ ಕುಟುಂಬದ ಕಥೆಯನ್ನುಳ್ಳ ‘ಗೋಯಿಂಗ್ ಹೋಮ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿರುತ್ತೇವೆ.

ಈ ಪುಸ್ತಕವು 1996ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಪ್ರಕಟವಾಯಿತು. ಗ್ರಂಥಕರ್ತ್ರಿ ಈವ್ ಬಂಟಿಂಗ್. ಚಿತ್ರಕಾರ ಡೇವಿಡ್ ಡಿಯಾಸ್. ಬಂಟಿಂಗ್ ಅವರು 1928ರಲ್ಲಿ ಉತ್ತರ ಐರ್ಲೆಂಡಿನ ಮಘೆರಾ ಎಂಬಲ್ಲಿ ಜನಿಸಿ, 1958ರಲ್ಲಿ ಪತಿ ಮತ್ತು ಮೂವರು ಮಕ್ಕಳೊಡನೆ ಕ್ಯಾಲಿಫೋರ್ನಿಯಾ ಪ್ರಾಂತಕ್ಕೆ ಬಂದು ನೆಲಸಿ, ಎರಡು ನೂರಕ್ಕೂ ಮಿಕ್ಕಿ ಪುಸ್ತಕಗಳನ್ನು ರಚಿಸಿ 2023ರಲ್ಲಿ ಕಾಲವಾದರು. ಮನೆಯಿಲ್ಲದವರು, ದಿನಗೂಲಿಯವರು, ದೋಣಿಯೇರಿ ದೇಶಾಂತರ ಹೊರಟವರು, ಇಂಥವರ ಬಾಳನ್ನು ಎಳೆಯರಿಗೆ ತಿಳಿಯುವಂತೆ ಹೇಳುವುದೇ ಅವರ ವೈಶಿಷ್ಟ್ಯವಾಗಿತ್ತು. ಲಾಸ್ ಏಂಜಲೀಸ್ ನಗರದಲ್ಲಿ 1992ರಲ್ಲಿ ನಡೆದ ದಂಗೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಈ ಇಬ್ಬರೂ ಜೊತೆಗೂಡಿ ಮಾಡಿದ ‘ಸ್ಮೋಕಿ ನೈಟ್’ ಎಂಬ ಪುಸ್ತಕದ ಚಿತ್ರಗಳಿಗಾಗಿ ಡಿಯಾಸ್ ಅವರಿಗೆ 1995ರಲ್ಲಿ ಕ್ಯಾಲ್ಡಿಕಾಟ್ ಪದಕವು ದೊರೆಯಿತು. ಅದು ಅಮೆರಿಕಾ ಗ್ರಂಥಾಲಯ ಸಂಘದವರು 1938ರಿಂದ ವರ್ಷಂಪ್ರತಿ ಚಿತ್ರಪುಸ್ತಕಗಳಿಗಾಗಿ ಕೊಡುತ್ತಿರುವ ಬಹುಮಾನ.

ಕಥಾವಸ್ತುವು ಬಹು ಸರಳವಾದುದು. ಕಾರ್ಲೋಸ್ ಎಂಬ ಬಾಲಕನು ಕಥೆಯನ್ನು ಹೇಳುತ್ತಾನೆ. ಅವನ ತಂದೆತಾಯಿಗಳು ಮೆಕ್ಸಿಕೋ ದೇಶದವರು. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಬೆನ್ನು ಬಗ್ಗಿಸಿ ದುಡಿಯುವ ಕೂಲಿಗಳು. ಕ್ರಿಸ್‌ಮಸ್ ಸಮೀಪಿಸಲು ಅವರು ಕಾರ್ಲೋಸನನ್ನೂ ಅವನ ಸೋದರಿಯರಾದ ಡೊಲೋರೆಸ್ ಮತ್ತು ನೋರಾರನ್ನೂ ಮೋಟಾರುಬಂಡಿಯಲ್ಲಿ ಕೂರಿಸಿಕೊಂಡು ಲಾ ಪೆರ್ಲಾ ಎಂಬ ತಮ್ಮ ಹಳ್ಳಿಗೆ ಹೊರಡುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಮುತ್ತು ಎಂದರ್ಥ. ತಾಯಿಯ ಸಂಭ್ರಮವು ಹೇಳತೀರದು. ಹುಡುಗನಿಗಾದರೋ ಆ ಸಂಭ್ರಮವು ಅರ್ಥವಾಗದು. ದೇಶದ ಗಡಿಯನ್ನು ದಾಟುವಾಗ, ತಮ್ಮನ್ನು ಮತ್ತೆ ಒಳಕ್ಕೆ ಬಿಟ್ಟಾರೆಯೇ ಎಂದು ಅವನು ಶಂಕಿಸುತ್ತಾನೆ. ತಾವು ಕಾಗದಪತ್ರವುಳ್ಳ ಕೂಲಿಗಳೆಂದು ತಂದೆಯು ಸಮಾಧಾನ ಹೇಳುತ್ತಾನೆ. ದೀರ್ಘಪ್ರಯಾಣದ ನಂತರ ಊರು ಸಿಕ್ಕುತ್ತದೆ. ಅಜ್ಜನೇ ಮೊದಲಾದ ಬಂಧುಗಳು ಎದುರ್ಗೊಳ್ಳುತ್ತಾರೆ. ಅಲ್ಲಿ ಒಂದು ರಾತ್ರಿ, ತಮ್ಮ ತಂದೆತಾಯಿಗಳು ಬೀದಿಯಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನರ್ತಿಸುತ್ತಿರುವುದನ್ನು ಮಕ್ಕಳು ಕಾಣುತ್ತಾರೆ. ಇಷ್ಟೇ ಕಥೆ.

ಈ ಇಷ್ಟರಲ್ಲಿ ಸಾಹಿತ್ಯವೆಲ್ಲಿದೆ ಎಂದು ಕೇಳಬಹುದು. ಇಡೀ ಪುಸ್ತಕವು ‘ಹೋಮ್’ ಎಂಬ ಒಂದೇ ಶಬ್ದದ ಮೇಲೆ ನಿಂತಿರುವುದನ್ನು ಮೊದಲು ಗಮನಿಸಬೇಕು. ತಾಯಿಯು ಆ ಶಬ್ದದಿಂದ ತಾನು ಬಿಟ್ಟುಬಂದ ಹಳ್ಳಿಯನ್ನು ಸೂಚಿಸುತ್ತಾಳೆ. ಮಗನು ಅದೇ ಶಬ್ದದಿಂದ ತಾನು ವಾಸಿಸುವ ಮನೆಯನ್ನು ಸೂಚಿಸುತ್ತಾನೆ. ಒಂದೇ ಬಂಡಿಯಲ್ಲಿ ಕುಳಿತು ಒಂದೇ ದಾರಿಯಲ್ಲಿ ಹೋಗುತ್ತಿರುವ ಇಬ್ಬರಲ್ಲಿ ಒಬ್ಬಳು ಮನೆಗೆ ಹೋಗುತ್ತಿದ್ದಾಳೆ, ಮತ್ತೊಬ್ಬನು ಮನೆಯನ್ನು ಬಿಟ್ಟು ಹೋಗುತ್ತಿದ್ದಾನೆ. ಕನ್ನಡದಲ್ಲಿ ಈ ಶ್ಲೇಷೆಯು ಒದಗುವುದಿಲ್ಲ. ನಮಗೆ ಮನೆಯೇ ಬೇರೆ, ಊರೇ ಬೇರೆ. ಪಟ್ಟಣದಲ್ಲಿ ಉದ್ಯೋಗದಲ್ಲಿರುವವನು ಸಾಯಂಕಾಲ ಮನೆಗೆ ಹೋಗುತ್ತಾನೆ. ಹಬ್ಬ ಬಂದಾಗ ಊರಿಗೆ ಹೋಗುತ್ತಾನೆ. ಈ ಪುಸ್ತಕವನ್ನು ಕನ್ನಡಕ್ಕೆ ತರುವವರು ಯಾರಾದರೂ ಮುಂದೆ ಬಂದಲ್ಲಿ ಈ ಒಂದು ಪದವೇ ಅವರಿಗೆ ದೊಡ್ಡ ತೊಡಕಾದೀತು. ‘ಊರಿಗೆ’ ಎಂದು ಹೆಸರಿಟ್ಟರೆ ತಾಯಿಯ ಪಕ್ಷವು ಗೆಲ್ಲುತ್ತದೆ. ‘ಮನೆಗೆ’ ಎಂದಿಟ್ಟರೆ ಊರಿನ ಸೆಳೆತವು ಮಾಯವಾಗುತ್ತದೆ.

ಇನ್ನು ಆ ನರ್ತನದ ಪ್ರಸಂಗ. ಈ ಪುಸ್ತಕದ ಜೀವವು ಇಲ್ಲಿಯೇ ಇದೆಯೆಂದು ನಮ್ಮ ದೃಢವಾದ ಅಭಿಪ್ರಾಯ. ಅಲ್ಲಿಯವರೆಗೆ ತಂದೆತಾಯಿಗಳೆಂದರೆ ಮಕ್ಕಳ ಪಾಲಿಗೆ ದಣಿದ ಎರಡು ದೇಹಗಳು. ಹೊಲದಿಂದ ಬರುವವರು, ಹೊಲಕ್ಕೆ ಹೋಗುವವರು. ಅವರಿಗೂ ತಾರುಣ್ಯವೊಂದಿತ್ತು, ಅವರನ್ನು ಹೆಸರು ಹಿಡಿದು ಕರೆಯುವ ಜನರಿದ್ದರು, ಬೀದಿಯಲ್ಲಿ ನಿರ್ಭಯವಾಗಿ ಹೆಜ್ಜೆಯಿಡಬಹುದಾದ ನೆಲವೊಂದಿತ್ತು ಎಂಬುದು ಮಕ್ಕಳಿಗೆ ಆ ರಾತ್ರಿ ಹೊಳೆಯುತ್ತದೆ. ಅವರು ಅದನ್ನೆಲ್ಲ ಬಿಟ್ಟುಬಂದುದು ತಮ್ಮ ಸಲುವಾಗಿ ಎಂಬ ಅರಿವು ಅದರ ಹಿಂದೆಯೇ ಬರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನಿಯೆಂದು ಯಾವುದನ್ನು ನಿರೂಪಿಸಿದನೋ ಅದಕ್ಕೆ ಇದು ಒಳ್ಳೆಯ ಉದಾಹರಣೆ. ವಾಚ್ಯವಾದುದು ಹರ್ಷ, ವ್ಯಂಗ್ಯವಾದುದು ಶೋಕ. ತಾಯಿಯು ಅತ್ತಿದ್ದರೆ ಓದುವ ಮಗುವಿಗೆ ಒಂದು ಕ್ಷಣದ ಮರುಕವುಂಟಾಗಿ ಅಷ್ಟಕ್ಕೇ ಮುಗಿಯುತ್ತಿತ್ತು. ಅವಳು ನಕ್ಕು ನರ್ತಿಸಿದುದರಿಂದಲೇ, ಇಷ್ಟು ದಿನ ಈಕೆ ಏಕೆ ನರ್ತಿಸಲಿಲ್ಲವೆಂಬ ಪ್ರಶ್ನೆಯು ಮಗುವಿನ ಮನಸ್ಸಿನಲ್ಲಿ ಏಳುತ್ತದೆ. ಕಣ್ವಾಶ್ರಮದಿಂದ ಶಕುಂತಲೆಯು ಹೊರಡುವ ನಾಲ್ಕನೆಯ ಅಂಕದಲ್ಲಿ ಅಗಲಿಕೆಯ ದುಃಖವನ್ನು ಕಾಳಿದಾಸನು ಹೊರಡುವ ಸಮಯದಲ್ಲಿಯೇ ಕಾಣಿಸಿದನು. ಈ ಕಿರುಪುಸ್ತಕವು ಅದನ್ನು ಮರಳಿ ಬಂದ ಸಮಯದಲ್ಲಿ ಕಾಣಿಸುತ್ತದೆ. ಇವೆರಡನ್ನು ಸರಿಗಟ್ಟುವುದು ನಮ್ಮ ಉದ್ದೇಶವಲ್ಲ. ಕರುಣರಸಕ್ಕೆ ದಾರಿಗಳು ಒಂದಕ್ಕಿಂತ ಹೆಚ್ಚು ಇವೆಯೆಂದಷ್ಟೇ ಹೇಳುತ್ತೇವೆ.

ಚಿತ್ರಗಳ ವಿಷಯದಲ್ಲಿ ಎರಡು ಮಾತು. ಡಿಯಾಸ್ ಅವರ ಮನುಷ್ಯಾಕೃತಿಗಳಿಗೆ ದಪ್ಪವಾದ ಕಪ್ಪು ರೇಖೆಗಳ ಎಲ್ಲೆಯುಂಟು. ಮರದ ಅಚ್ಚಿನಿಂದ ಒತ್ತಿದಂತೆ ಅವು ತೋರುತ್ತವೆ. ಈ ಚಿತ್ರಗಳನ್ನು ಮೆಕ್ಸಿಕೋದ ಜಾನಪದ ಕುಶಲವಸ್ತುಗಳ ಛಾಯಾಚಿತ್ರಗಳ ಮೇಲೆ ಕೂರಿಸಿದ್ದಾರೆ. ಪ್ರಥಮ ದೃಷ್ಟಿಗೆ ಇದು ಅತಿಯಾದ ಅಲಂಕಾರವೆನಿಸೀತು. ಕೆಲವು ಪುಟಗಳಲ್ಲಿ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸುವುದೂ ನಿಜ. ಆದರೆ ಔಚಿತ್ಯದ ದೃಷ್ಟಿಯಿಂದ ನೋಡಿದರೆ ಇದಕ್ಕೊಂದು ಸಮರ್ಥನೆಯಿದೆ. ಮಕ್ಕಳು ತಮಗೆ ಸರಿಯಾಗಿ ನೆನಪಿಲ್ಲದ ನಾಡಿಗೆ ಹೋಗುತ್ತಿದ್ದಾರೆ. ಆ ನಾಡಿನ ಕೈಕೆಲಸವು ಪುಟದ ಅಂಚಿನಲ್ಲಿ ಅವರನ್ನು ಸುತ್ತುವರಿದಿರುತ್ತದೆ. ಮಾತು ಇನ್ನೂ ಒಪ್ಪದಿರುವ ಊರನ್ನು ಚಿತ್ರವು ಆಗಲೇ ಒಪ್ಪಿಕೊಂಡಿದೆ.

ಕಥೆಯು ಕ್ರಿಸ್‌ಮಸ್ ಕಾಲದಲ್ಲಿ ನಡೆಯುವುದು ಕೇವಲ ಶೋಭೆಗಾಗಿಯೇ ಎಂದು ಕೆಲವರು ಕೇಳಬಹುದು. ಹಾಗಲ್ಲ. ಕ್ರೈಸ್ತರ ಈ ಹಬ್ಬದ ಮೂಲಕಥೆಯೇ ಒಂದು ಪ್ರಯಾಣದ ಕಥೆ. ಲೂಕನ ಸುವಾರ್ತೆಯ ಪ್ರಕಾರ, ಜನಗಣತಿಯ ರಾಜಾಜ್ಞೆಯಂತೆ ಯೋಸೇಫನು ತುಂಬುಗರ್ಭಿಣಿಯಾದ ಮರಿಯಳೊಡನೆ ನಜರೇತಿನಿಂದ ತನ್ನ ಪೂರ್ವಜರ ಊರಾದ ಬೆತ್ಲೆಹೇಮಿಗೆ ಹೋಗುತ್ತಾನೆ. ಛತ್ರದಲ್ಲಿ ಸ್ಥಳವಿಲ್ಲದೆ ಶಿಶುವನ್ನು ಗೋದಲಿಯಲ್ಲಿ ಮಲಗಿಸಬೇಕಾಗುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಆ ಕುಟುಂಬವು ಅರಸನ ಭಯದಿಂದ ಐಗುಪ್ತ ದೇಶಕ್ಕೆ ಓಡಿಹೋಗುತ್ತದೆ. ಮೆಕ್ಸಿಕೋದಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ‘ಪೊಸಾದಾ’ ಎಂಬ ಆಚರಣೆಯುಂಟು. ಜನರು ಮೆರವಣಿಗೆಯಾಗಿ ಹೋಗಿ ಬಾಗಿಲು ಬಾಗಿಲಲ್ಲಿ ಆಶ್ರಯ ಕೇಳುವರು. ಇಲ್ಲವೆನ್ನಿಸಿಕೊಂಡು ಮುಂದೆ ಹೋಗುವರು. ಕೊನೆಗೊಂದು ಬಾಗಿಲು ತೆರೆಯುವುದು. ಇದನ್ನು ಬಲ್ಲ ವಾಚಕನಿಗೆ, ಗಡಿಯ ಬಾಗಿಲಲ್ಲಿ ಕಾರ್ಲೋಸನು ಪಟ್ಟ ಭಯವು ಬರಿಯ ಬಾಲಭೀತಿಯಾಗಿ ಕಾಣಿಸುವುದಿಲ್ಲ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ವಿಮರ್ಶಕನ ಧರ್ಮ. ಮೊದಲನೆಯದಾಗಿ, ಈ ದೇಶಕ್ಕೆ ಬಂದುದು ಮಕ್ಕಳ ಮುಂದಿನ ಅವಕಾಶಗಳಿಗಾಗಿ ಎಂಬ ಮಾತನ್ನು ಗ್ರಂಥಕರ್ತ್ರಿಯು ತಂದೆತಾಯಿಗಳಿಂದ ಆಡಿಸುತ್ತಾರೆ. ಧ್ವನಿಯಿಂದ ಸೂಚಿತವಾಗಲಿರುವುದನ್ನು ಮುಂಚಿತವಾಗಿಯೇ ಬಾಯಿಬಿಟ್ಟು ಹೇಳಿಸುವುದು ಉಪದೇಶದ ವಾಸನೆಯನ್ನು ತರುತ್ತದೆ. ಎರಡನೆಯದು ಇದಕ್ಕಿಂತ ಗಂಭೀರವಾದುದು. ಕಾಗದಪತ್ರವಿದೆಯೆಂಬ ಒಂದು ಉತ್ತರದಿಂದ ಹುಡುಗನ ಶಂಕೆಯು ತೀರಿಹೋಗುತ್ತದೆ. ಚರಿತ್ರೆಯು ಅಷ್ಟು ಸುಲಭವಾಗಿ ತೀರುವುದಲ್ಲ. 1942ರಿಂದ 1964ರವರೆಗೆ ನಡೆದ ‘ಬ್ರಸೇರೋ’ ಒಪ್ಪಂದದ ಪ್ರಕಾರ ಮೆಕ್ಸಿಕೋದ ಗಂಡಾಳುಗಳನ್ನು ಅಲ್ಪಾವಧಿಯ ಕೂಲಿಗಾಗಿ ಕರೆಸಿಕೊಂಡು, ಕೆಲಸ ತೀರಿದ ಮೇಲೆ ಹಿಂದಕ್ಕೆ ಕಳುಹಿಸುತ್ತಿದ್ದರು. ಅಂಥ ಸುಮಾರು 46 ಲಕ್ಷ ಕರಾರುಗಳಾದುವು. 1986ರ ಶಾಸನವೊಂದರಿಂದ ಸುಮಾರು 27 ಲಕ್ಷ ವಲಸೆಗಾರರಿಗೆ ನ್ಯಾಯಸಮ್ಮತವಾದ ವಾಸದ ಹಕ್ಕು ದೊರೆಯಿತು. ಆದರೆ 1994ರ ನವೆಂಬರಿನಲ್ಲಿ, ಎಂದರೆ ಈ ಪುಸ್ತಕವು ಹೊರಬರುವುದಕ್ಕೆ ಎರಡು ವರ್ಷ ಮೊದಲು, ಕಾಗದಪತ್ರವಿಲ್ಲದವರ ಮಕ್ಕಳಿಗೆ ಸರಕಾರೀ ಶಾಲೆಗಳನ್ನು ಮುಚ್ಚಬೇಕೆಂಬ ನಿಬಂಧನೆಯುಳ್ಳ 187ನೆಯ ಪ್ರಸ್ತಾವಕ್ಕೆ ಕ್ಯಾಲಿಫೋರ್ನಿಯಾದ ಮತದಾರರು ಬಹುಮತದಿಂದ ಒಪ್ಪಿಗೆಯಿತ್ತರು. ನ್ಯಾಯಾಲಯವು ತಡೆದುದರಿಂದ ಆ ನಿಬಂಧನೆಯು ಆಚರಣೆಗೆ ಬರಲಿಲ್ಲ. ಇಂಥ ದಿನಗಳಲ್ಲಿ ಕಾರ್ಲೋಸನ ಪಕ್ಕದ ಬೆಂಚಿನಲ್ಲಿಯೇ ಕಾಗದಪತ್ರವಿಲ್ಲದ ಕೂಲಿಯ ಮಗನೊಬ್ಬನು ಕುಳಿತಿರಬಹುದು. ಅವನಿಗೆ ಹಬ್ಬಕ್ಕೆ ಊರಿಗೆ ಹೋಗುವ ಭಾಗ್ಯವಿಲ್ಲ. ಹೋದರೆ ಮರಳುವ ದಾರಿಯಿಲ್ಲ. ಅವನ ನೆರಳು ಕೂಡ ಈ ಪುಸ್ತಕದಲ್ಲಿ ಬಿದ್ದಿದ್ದರೆ ಇದು ಇನ್ನೂ ಸತ್ಯವಾಗುತ್ತಿತ್ತು.

ಐರ್ಲೆಂಡಿನಲ್ಲಿ ಹುಟ್ಟಿದವರು ಮೆಕ್ಸಿಕೋದವರ ಮನಸ್ಸನ್ನು ಬಣ್ಣಿಸಲು ಅಧಿಕಾರಿಗಳೇ ಎಂಬ ಆಕ್ಷೇಪಣೆಯೂ ಬರಬಹುದು. ಪರಕಾಯಪ್ರವೇಶವು ಕವಿಯ ಮೂಲವಿದ್ಯೆಯಾಗಿರುವುದರಿಂದ ಅದನ್ನು ಜನ್ಮದ ಆಧಾರದಿಂದ ನಿಷೇಧಿಸುವುದು ಸಾಧುವಲ್ಲ. ಮೂವರು ಮಕ್ಕಳನ್ನು ಕರೆದುಕೊಂಡು ಕಡಲು ದಾಟಿದ ತಾಯಿಗೆ, ಮೂವರು ಮಕ್ಕಳನ್ನು ಕರೆದುಕೊಂಡು ಗಡಿ ದಾಟಿದ ತಾಯಿಯ ಅಂತರಂಗವು ತೀರ ಅಪರಿಚಿತವಾಗಿರಲಾರದು. ಆದರೆ ಹೊಲದ ಕೂಲಿಯು ಅವರ ಅನುಭವವಲ್ಲ; ಆದ್ದರಿಂದಲೇ ದುಡಿಮೆಯ ವಿಷಯವು ಈ ಪುಸ್ತಕದಲ್ಲಿ ಎರಡು ಮೂರು ಮಾತುಗಳಲ್ಲಿ ತೇಲಿಹೋಗಿರುವುದೋ ಏನೋ.

ನಮ್ಮ ವಾಚಕ ಮಹಾಶಯರಲ್ಲಿ ಅನೇಕರ ಮಕ್ಕಳು ಅಮೆರಿಕಾದಲ್ಲಿ ನೆಲಸಿರುತ್ತಾರೆ. ಎರಡು ಮೂರು ವರ್ಷಕ್ಕೊಮ್ಮೆ ಬರುವ ಮೊಮ್ಮಕ್ಕಳು, ಬಂದ ನಾಲ್ಕನೆಯ ದಿನವೇ ಮನೆಗೆ ಯಾವಾಗ ಹೋಗುವುದೆಂದು ಕೇಳಿದಾಗ ಅಜ್ಜಅಜ್ಜಿಯರ ಮುಖವು ಬಾಡುವುದುಂಟು. ಅಂಥವರಿಗೆ ಈ ಪುಸ್ತಕವು ತಮ್ಮದೇ ಕಥೆಯೆಂದು ತೋರೀತು. ಆ ಮಗುವಿನ ಮಾತಿನಲ್ಲಿ ಅವಜ್ಞೆಯಿಲ್ಲವೆಂದು ತಿಳಿದು ಮನಸ್ಸು ಹಗುರಾದೀತು. ಆದರೆ ಈ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸುವುದು ನ್ಯಾಯವಾಗಲಾರದು. ವಿಮಾನವೇರಿ ಹೋಗಿ ಬರುವ ವಿದ್ಯಾವಂತರಿಗಿಂತ ಕಾರ್ಲೋಸನ ತಂದೆತಾಯಿಗಳಿಗೆ ಹತ್ತಿರದವರು ಬೇರೆ ಇದ್ದಾರೆ. ಮಳೆ ಕೈಕೊಟ್ಟಾಗ ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಂದ ಮನೆಗೆ ಬೀಗ ಹಾಕಿ, ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳೇ ಅವರು. ಅವರ ಮಕ್ಕಳೂ ವರ್ಷದ ನಡುವೆ ಶಾಲೆಯ ಹಾಜರಿಪುಸ್ತಕದಿಂದ ಮರೆಯಾಗಿ, ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದು, ಮತ್ತೆ ಹೊರಡುತ್ತಾರೆ. ಮೂವತ್ತಕ್ಕೂ ಮಿಕ್ಕಿ ವರ್ಷ ಪಾಠ ಹೇಳಿದವರಿಗೆ, ಹಾಗೆ ಬಂದು ಹೋಗುವ ಹುಡುಗನು ಕೊನೆಯ ಸಾಲಿನಲ್ಲಿ ಹೇಗೆ ಕೂರುತ್ತಾನೆಂಬುದು ಚೆನ್ನಾಗಿ ತಿಳಿದಿರುತ್ತದೆ. ಮನೆ ಕಟ್ಟುವ ಕೆಲಸದಲ್ಲಿ ಇಟ್ಟಿಗೆ ಹೊರುವ ಅವನ ತಾಯಿಯು ಊರ ಜಾತ್ರೆಯಲ್ಲಿ ಹೇಗೆ ನಗುತ್ತಾಳೆಂಬುದನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಅವಳನ್ನು ಕೇಂದ್ರವಾಗಿಟ್ಟುಕೊಂಡು ಕನ್ನಡದಲ್ಲಿ ಇಂಥ ಚಿತ್ರಪುಸ್ತಕಗಳು ಹೇರಳವಾಗಿ ಬರಬೇಕು. ಪರಭಾಷೆಯ ಪುಸ್ತಕವನ್ನು ಮೆಚ್ಚಿಕೊಂಡುದರ ಫಲವು ನಮಗೆ ಇದಾಗಬೇಕು.

ಎಳೆಯ ಮಕ್ಕಳಿಗೆ ದುಃಖದ ಕಥೆಯೇಕೆ ಎನ್ನುವ ಹಿರಿಯರಿಗೆ ಒಂದು ಮಾತು. ಈ ಪುಸ್ತಕವು ಮಗುವನ್ನು ಅಳಿಸುವುದಿಲ್ಲ. ತನ್ನ ತಂದೆತಾಯಿಗಳನ್ನು ಹೊಸ ಕಣ್ಣಿನಿಂದ ನೋಡುವಂತೆ ಮಾಡುತ್ತದೆ. ಮಾತೃದೇವತೆ, ಪಿತೃದೇವತೆ ಎಂದು ನಾವು ಬಾಯಿಪಾಠ ಮಾಡಿಸುವುದುಂಟು. ತಾಯಿಯು ದೇವತೆಯಾಗುವ ಮೊದಲು ತನ್ನದೇ ಆಸೆಗಳಿದ್ದ ಒಬ್ಬ ಹುಡುಗಿಯಾಗಿದ್ದಳೆಂದು ನಾವು ಮಕ್ಕಳಿಗೆ ಹೇಳಿದ್ದು ಕಡಿಮೆ. ಇಂಗ್ಲಿಷ್ ಬಲ್ಲ ಗೃಹಸ್ಥರು ಈ ಪುಸ್ತಕವನ್ನು ತರಿಸಿ, ಚಿತ್ರಗಳನ್ನು ತೋರಿಸುತ್ತ ಕಥೆಯನ್ನು ತಮ್ಮ ಮನೆಯ ಕನ್ನಡದಲ್ಲಿ ಹೇಳಬೇಕೆಂದು ಶಿಫಾರಸು ಮಾಡುತ್ತೇವೆ. ನರ್ತನದ ಪುಟ ಬಂದಾಗ ವ್ಯಾಖ್ಯಾನ ಮಾಡದೆ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಮಗುವು ಪ್ರಶ್ನೆ ಕೇಳಿದರೆ ಮಾತ್ರ, ತಾವು ಹುಟ್ಟಿದ ಊರಿನ ವಿಷಯವನ್ನು ಅದಕ್ಕೆ ಹೇಳಬಹುದು.