ಹೇಗೂ ಹೋಗುವ ಜೀವವೆ?

2006ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತನ್ನ ಸಲಹಾ ಸಮಿತಿಯ ಸಭೆ ಕರೆಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ರೋಗಿಗಳು ಅಲ್ಲಿಗೆ ಬಂದು, ಸಾವು ತಂದ ಔಷಧವೊಂದನ್ನು ತಮಗೆ ಮರಳಿ ಕೊಡಿ ಎಂದು ಕೇಳಿದರು. ಟೈಸಾಬ್ರಿ ಎಂಬ ಆ ಔಷಧ 2004ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದು, 2005ರ ಫೆಬ್ರವರಿಯಲ್ಲೇ ಮಾರುಕಟ್ಟೆಯಿಂದ ಹೊರಬಿದ್ದಿತ್ತು. ಪ್ರಯೋಗಗಳಲ್ಲಿ ಅದನ್ನು ತೆಗೆದುಕೊಂಡ ಸುಮಾರು ಮೂರು ಸಾವಿರ ಮಂದಿಯಲ್ಲಿ ಮೂವರಿಗೆ ಪಿಎಂಎಲ್ ಎಂಬ ಮಿದುಳಿನ ಸೋಂಕು ತಗುಲಿ, ಇಬ್ಬರು ತೀರಿಕೊಂಡಿದ್ದರು.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎಂದು ಇಂಥವರ ಬಗ್ಗೆ ಹೇಳಿಬಿಡುವುದು ಸುಲಭ. ಅದು ಅವರಿಗೆ ಮಾಡುವ ಅನ್ಯಾಯ. ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ನರತಂತುಗಳ ಹೊದಿಕೆಯನ್ನು ಹಾಳುಮಾಡುತ್ತದೆ. ವರ್ಷ ಕಳೆದಂತೆ ನರಗಳೂ ನಶಿಸುತ್ತವೆ. ಈ ಔಷಧ ರೋಗ ಮರುಕಳಿಸುವುದನ್ನು ಸುಮಾರು ಮೂರನೇ ಎರಡರಷ್ಟು ತಗ್ಗಿಸಿದ್ದು ದೊಡ್ಡ ಪ್ರಯೋಗದಲ್ಲಿ ಸ್ಪಷ್ಟವಾಗಿತ್ತು. ಒಂದು ಕಡೆ ಸಾವಿರಕ್ಕೊಬ್ಬರಿಗೆ ಬರಬಹುದಾದ ಸೋಂಕು, ಇನ್ನೊಂದು ಕಡೆ ತಮ್ಮ ಕಣ್ಣು, ಕಾಲುಗಳಲ್ಲಿ ಆಗಲೇ ಕಂಡಿದ್ದ ರೋಗದ ನಡೆ. ಎರಡನ್ನೂ ತಿಳಿದೇ ಅವರು ಕೇಳಿದ್ದರು. ಸಮಿತಿ ಒಮ್ಮತದಿಂದ ಒಪ್ಪಿತು. ಜೂನ್‌ನಲ್ಲಿ ಔಷಧ ಮರಳಿತು. ಅದನ್ನು ಪಡೆಯುವ ಪ್ರತಿಯೊಬ್ಬರ ಹೆಸರೂ ದಾಖಲಾಗಬೇಕು, ಪ್ರತಿಯೊಬ್ಬರ ಮೇಲೂ ನಿಗಾ ಇರಬೇಕು ಎಂಬ ಷರತ್ತಿನೊಂದಿಗೆ.

ಆ ನಿಗಾ ಫಲ ಕೊಟ್ಟಿತು. ಪಿಎಂಎಲ್ ತರುವ ಜೆಸಿ ವೈರಾಣುವಿನ ಪ್ರತಿಕಾಯ ರಕ್ತದಲ್ಲಿ ಇದೆಯೇ, ಮೊದಲು ರೋಗನಿರೋಧಕ ಶಕ್ತಿ ಕುಗ್ಗಿಸುವ ಬೇರೆ ಔಷಧ ತೆಗೆದುಕೊಂಡಿದ್ದರೇ, ಟೈಸಾಬ್ರಿ ಆರಂಭಿಸಿ ಎರಡು ವರ್ಷ ದಾಟಿತೇ ಎಂಬ ಮೂರು ಪ್ರಶ್ನೆಗಳಿಂದ ಅಪಾಯವನ್ನು ಬಿಡಿಸಿ ನೋಡುವುದು ಸಾಧ್ಯವಾಯಿತು. ಮೂರಕ್ಕೂ ಹೌದು ಎನ್ನುವವರಿಗೆ ಸಾವಿರಕ್ಕೆ ಹನ್ನೊಂದರಷ್ಟು ಅಪಾಯವೆಂದು 2012ರಲ್ಲಿ ಅಂದಾಜಾಯಿತು. ಪ್ರತಿಕಾಯವೇ ಇಲ್ಲದವರಿಗೆ ಅದು ತೀರಾ ಕಡಿಮೆ. ಒಮ್ಮೆ ಒಪ್ಪಿದವರು ಪರಿಸ್ಥಿತಿ ಬದಲಾದಾಗ ಬೇಡವೆನ್ನಲೂ ದಾರಿಯಾಯಿತು. ರೋಗಿಯ ಮಾತಿಗೆ ಬೆಲೆ ಕೊಡುವುದೆಂದರೆ ಇದು ಎಂದು ನಾನು ನಂಬುತ್ತೇನೆ.

2006ರ ಆ ಸಭೆಯ ಹದಿನಾರು ವರ್ಷಗಳ ನಂತರ ಅದೇ ಸಂಸ್ಥೆ ಎಎಲ್‌ಎಸ್ ರೋಗಿಗಳ ಮುಂದೆ ಎಡವಿತು. ಸ್ನಾಯುಗಳನ್ನು ನಡೆಸುವ ನರಕೋಶಗಳೇ ಸಾಯುವ ಈ ಕಾಯಿಲೆ ಬಂದವರಲ್ಲಿ ಹೆಚ್ಚಿನವರಿಗೆ ಎರಡರಿಂದ ಐದು ವರ್ಷ ಮಾತ್ರ ಉಳಿದಿರುತ್ತದೆ. 1995ರಲ್ಲಿ ಬಂದ ರಿಲುಜೋಲ್ ಪ್ರಯೋಗಗಳಲ್ಲಿ ಆಯುಸ್ಸಿಗೆ ಸೇರಿಸಿದ್ದು ಎರಡು ಮೂರು ತಿಂಗಳು. ಎಮಿಲಿಕ್ಸ್ ಕಂಪನಿಯ ರೆಲಿವ್ರಿಯೊವನ್ನು 137 ರೋಗಿಗಳಲ್ಲಿ 24 ವಾರ ಪರೀಕ್ಷಿಸಿದಾಗ, 48 ಅಂಕಗಳ ಮಾಪನದಲ್ಲಿ ಎರಡು ಚಿಲ್ಲರೆ ಅಂಕಗಳ ಲಾಭ ಕಂಡಿತು. 2022ರ ಮಾರ್ಚ್‌ನಲ್ಲಿ ಸಲಹಾ ಸಮಿತಿ, ಇಷ್ಟು ಪುರಾವೆ ಸಾಲದೆಂದು 6–4ರಿಂದ ತಿರಸ್ಕರಿಸಿತು. ಸೆಪ್ಟೆಂಬರ್‌ನಲ್ಲಿ ಮತ್ತೆ ಸೇರಿ 7–2ರಿಂದ ಒಪ್ಪಿತು. ಆ ನಡುವೆ ಹೊಸ ಪ್ರಯೋಗದ ಫಲಿತಾಂಶ ಬಂದಿರಲಿಲ್ಲ. ಹಳೆಯ ಅಂಕಿಅಂಶಗಳ ಮರುವಿಶ್ಲೇಷಣೆ ಇತ್ತು, ರೋಗಿಗಳ ಮತ್ತು ಮನೆಯವರ ಅಳಲಿತ್ತು, ದೊಡ್ಡ ಪ್ರಯೋಗ ಸೋತರೆ ಔಷಧ ಹಿಂಪಡೆಯುತ್ತೇವೆಂಬ ಕಂಪನಿ ಮುಖ್ಯಸ್ಥರ ಮಾತಿತ್ತು. ವರ್ಷಕ್ಕೆ ಸುಮಾರು 1,58,000 ಡಾಲರ್ ಬೆಲೆಯಲ್ಲಿ ಅದು ಮಾರುಕಟ್ಟೆಗೆ ಬಂತು. 2024ರ ಮಾರ್ಚ್‌ನಲ್ಲಿ 664 ಮಂದಿಯ ಪ್ರಯೋಗ ಸೋತಿತು, ಏಪ್ರಿಲ್‌ನಲ್ಲಿ ಕಂಪನಿ ಮಾತು ಉಳಿಸಿಕೊಂಡಿತು.

ರೋಗಿಗಳು ತಪ್ಪು ಲೆಕ್ಕ ಹಾಕಿದರೆಂದು ನನಗನ್ನಿಸುವುದಿಲ್ಲ. ಎಷ್ಟು ಅಪಾಯ ಹೊರಬಲ್ಲೆ, ಮಾತು ಹೋಗುವುದು ಹೆಚ್ಚು ಕಷ್ಟವೋ ನಡಿಗೆ ಹೋಗುವುದೋ, ಉಸಿರಾಟದ ಯಂತ್ರದ ಮೇಲೆ ಬದುಕಲು ಮನಸ್ಸಿದೆಯೋ — ಇವನ್ನು ರೋಗಿಯಷ್ಟು ಚೆನ್ನಾಗಿ ಯಾರೂ ಹೇಳಲಾರರು. ಔಷಧ ಕೆಲಸ ಮಾಡುತ್ತದೆಯೇ ಎಂಬುದನ್ನು ಮಾತ್ರ ರೋಗಿಯೂ ಹೇಳಲಾರ, ವೈದ್ಯನೂ ಹೇಳಲಾರ. ಅದಕ್ಕೆ ಪ್ರಯೋಗವೇ ಬೇಕು. ಟೈಸಾಬ್ರಿಯಲ್ಲಿ ಲಾಭ ಖಚಿತವಿತ್ತು, ಅಪಾಯ ಸಹಿಸಬಹುದೇ ಎಂಬುದೊಂದೇ ಪ್ರಶ್ನೆ, ರೋಗಿಗಳು ಉತ್ತರಿಸಿದರು. ರೆಲಿವ್ರಿಯೊದಲ್ಲಿ ಲಾಭವೇ ಸಂಶಯದಲ್ಲಿತ್ತು. ಆ ಪ್ರಶ್ನೆಗೆ ಅವರ ಧೈರ್ಯವನ್ನೇ ಉತ್ತರವೆಂದು ಹಿಡಿದದ್ದು ತಪ್ಪು.

ದೊಡ್ಡ ಪ್ರಯೋಗ ಮುಗಿಯುವವರೆಗೆ ಕಾದಿದ್ದರೆ ಸಭೆಯಲ್ಲಿ ಮಾತನಾಡಿದವರಲ್ಲಿ ಎಷ್ಟೋ ಮಂದಿ ಇರುತ್ತಿರಲಿಲ್ಲ ಎಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಪ್ರಯೋಗಕ್ಕೆ ಸೇರಲಾಗದವರಿಗೆ ಪರೀಕ್ಷೆಯ ಹಂತದ ಔಷಧವನ್ನು ಕೊಡುವ ವ್ಯವಸ್ಥೆ ಅಮೆರಿಕದಲ್ಲಿ ಮೊದಲಿನಿಂದಲೂ ಇದೆ. ಅದನ್ನು ಹಿಗ್ಗಿಸಬಹುದಿತ್ತು. ರೆಲಿವ್ರಿಯೊದಿಂದ ಭೇದಿ, ವಾಕರಿಕೆ ಬಿಟ್ಟರೆ ಅಪಾಯವಿಲ್ಲ ಎನ್ನುವಾಗ, ಕರಗಿಹೋಗುವ ತಿಂಗಳುಗಳನ್ನೂ ಮನೆಯ ಹಣವನ್ನೂ ಯಾರೂ ಅಪಾಯದ ಪಟ್ಟಿಗೆ ಸೇರಿಸಲಿಲ್ಲ. ಎಎಲ್‌ಎಸ್ ರೋಗಿಗೆ ಅವೇ ದೊಡ್ಡವು.

ಆಲ್ಜೈಮರ್ ಕಾಯಿಲೆಯಲ್ಲಿ ಇನ್ನೊಂದು ತೊಡಕು. ಲೆಕಾನೆಮ್ಯಾಬ್ ಎಂಬ ಔಷಧ ಹದಿನೆಂಟು ತಿಂಗಳಲ್ಲಿ ಮರೆವಿನ ಏರಿಕೆಯನ್ನು ಶೇ 27ರಷ್ಟು ನಿಧಾನಿಸಿತು ಎನ್ನುತ್ತಾರೆ. 18 ಅಂಕಗಳ ಮಾಪನದಲ್ಲಿ ಅದು 0.45 ಅಂಕ. ಒಂದೇ ಸಂಗತಿಯ ಈ ಎರಡು ರೂಪಗಳಲ್ಲಿ ಯಾವುದನ್ನು ಮೊದಲು ಹೇಳುತ್ತಾರೆ ಎಂಬುದರ ಮೇಲೆಯೇ ಎಷ್ಟೋ ಮನೆಗಳ ತೀರ್ಮಾನ ನಿಂತಿರುತ್ತದೆ. ಎಪಿಒಇ4 ಎಂಬ ಜೀನ್‌ನ ಎರಡು ಪ್ರತಿ ಇದ್ದು ಈ ಔಷಧ ಪಡೆದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಮಿದುಳಿನಲ್ಲಿ ಊತ ಕಂಡಿತು. ಅಮೆರಿಕ ಅವರಿಗೂ ಎಚ್ಚರಿಕೆಯೊಂದಿಗೆ ಅವಕಾಶ ಕೊಟ್ಟಿತು. ಯುರೋಪ್ ಅವರನ್ನು ಹೊರಗಿಟ್ಟಿತು. ನನ್ನ ಒಲವು ಯುರೋಪಿನ ಕಡೆಗೆ, ಏಕೆಂದರೆ ಇಲ್ಲಿ ಒಪ್ಪುವುದು ಈಗಿನ ನೆನಪುಳ್ಳ ಮನುಷ್ಯ. ನಿಲ್ಲಿಸಬೇಕೇ ಎಂದು ಮುಂದೆ ತೀರ್ಮಾನಿಸಬೇಕಾದದ್ದು ಬಹುಶಃ ಹೆಂಡತಿ ಅಥವಾ ಮಕ್ಕಳು. ಆ ಜೀನ್ ಪರೀಕ್ಷೆ ಮಕ್ಕಳ ಭವಿಷ್ಯದ ಬಗ್ಗೆಯೂ ಏನೋ ಹೇಳಿಬಿಡುತ್ತದೆ, ಅವರು ಕೇಳದಿದ್ದರೂ.

ನಮ್ಮಲ್ಲಿ ಕೆಲವು ಖಾಸಗಿ ಕ್ಲಿನಿಕ್‌ಗಳು ಇದೇ ರೋಗಿಗಳಿಗೆ ಕಾಂಡಕೋಶದ ಚುಚ್ಚುಮದ್ದನ್ನು ದುಬಾರಿ ಬೆಲೆಗೆ ಮಾರುತ್ತವೆ. ಹೇಗೂ ಹೋಗುವ ಜೀವ, ಒಂದು ಸಲ ನೋಡಿಬಿಡೋಣ ಎಂದು ನೆಂಟರೂ ದನಿಗೂಡಿಸುತ್ತಾರೆ. ರಕ್ತದ ಕಾಯಿಲೆಗಳಂಥ ಕೆಲವನ್ನು ಬಿಟ್ಟರೆ, ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಕಾಂಡಕೋಶ ಚಿಕಿತ್ಸೆ ಸಲ್ಲದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಜಮೀನು ಮಾರುವ ಮೊದಲು ಮನೆಯವರು ಕೇಳಬೇಕಾದದ್ದು ಇಷ್ಟು: ಇದು ಪ್ರಯೋಗವೇ ಆಗಿದ್ದರೆ ರಾಷ್ಟ್ರೀಯ ಕ್ಲಿನಿಕಲ್ ಟ್ರಯಲ್ ನೋಂದಣಿ ಸಿಟಿಆರ್‌ಐನಲ್ಲಿ ಅದರ ಸಂಖ್ಯೆ ಯಾವುದು, ಮತ್ತು ಪ್ರಯೋಗಕ್ಕೆ ನಮ್ಮಿಂದ ಹಣ ಏಕೆ?