ಹರಿತ ಇರುವುದು ಎರಡು ಬ್ಲೇಡುಗಳ ನಡುವೆ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಕ್ಷೌರದಂಗಡಿಗಳು ಬಾಗಿಲು ಹಾಕಿದ ಮೇಲೆ ದೆಹಲಿಯ ನಮ್ಮ ಕಿದ್ವಾಯಿ ನಗರದ ಕ್ವಾರ್ಟರ್ಸ್‌ಗಳಿಗೂ ಕ್ಲಿಪ್ಪರ್ ಬಂತು. ಬಾಲ್ಕನಿಯಲ್ಲಿ ಕೂರಿಸಿಕೊಂಡು ಮಕ್ಕಳಿಗೆ ಅಪ್ಪನೇ ಕಟಿಂಗ್ ಮಾಡುವ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅವರೆಲ್ಲರ ದೂರು ಒಂದೇ: ‘ಬ್ಲೇಡ್ ಮೊಂಡಾಗಿದೆ, ಕೂದಲು ಕೀಳುತ್ತೆ.’ ಬಿಚ್ಚಿ ನೋಡಿದರೆ ಹೆಚ್ಚಿನವು ಮೊಂಡಾಗಿರುವುದೇ ಇಲ್ಲ. ಕೊಳೆ ಕಟ್ಟಿ, ಎಣ್ಣೆ ಕಾಣದೆ ಒಣಗಿರುತ್ತವೆ.

ಅಮೆರಿಕದ ಲಿಯೋ ವಾಲ್ 1919ರಲ್ಲಿ ವಿದ್ಯುತ್ ಕ್ಲಿಪ್ಪರಿಗೆ ಪೇಟೆಂಟ್ ಅರ್ಜಿ ಹಾಕಿದ ಕಾಲದಿಂದ ತತ್ವ ಬದಲಾಗಿಲ್ಲ. ಕೆಳಗಿನ ಬ್ಲೇಡ್ ನಿಂತಿರುತ್ತದೆ, ಮೇಲಿನದು ಅದಕ್ಕೆ ಒತ್ತಿಕೊಂಡು ಅತ್ತಿತ್ತ ಓಡುತ್ತದೆ. ಎರಡರ ಮುಖ ಕೂಡಿದರೆ ಮಾತ್ರ ಕೂದಲು ತುಂಡಾಗುತ್ತದೆ. ನಡುವೆ ಒಂದು ಎಳೆ ಸಿಕ್ಕಿಕೊಂಡರೂ ಸಂದು ಬಿಟ್ಟು, ಕೂದಲು ತುಂಡಾಗದೆ ಮಡಚಿಕೊಳ್ಳುತ್ತದೆ.

ಹಾಗಾಗಿ ಮೊದಲು ಬ್ರಷ್, ಆಮೇಲೆ ಎಣ್ಣೆ. ತೆಂಗಿನೆಣ್ಣೆ ಮಾತ್ರ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ದೆಹಲಿಯ ಜನವರಿಯಲ್ಲಿ ಬಾಟಲಿಯೊಳಗೇ ಹೆಪ್ಪುಗಟ್ಟುವ ಎಣ್ಣೆ ಬ್ಲೇಡಿನ ಸಂದಿನಲ್ಲಿ ಹರಿದೀತೇ? ಹೊಲಿಗೆ ಯಂತ್ರದ ತೆಳು ಎಣ್ಣೆ ಎರಡು ಮೂರು ಹನಿ ಬಿಟ್ಟು, ಅರೆ ನಿಮಿಷ ಓಡಿಸಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ.

ಆಮೇಲೂ ಕೂದಲು ಕಿತ್ತರೆ ಸಾಣೆ ಹಿಡಿಯಬೇಕು. ಬೀದಿಯಲ್ಲಿ ಸೈಕಲ್ ತುಳಿಯುತ್ತ ಚಾಕು ಮಸೆಯುವವರ ಕೈಗೆ ಇದನ್ನು ಕೊಡಬೇಡಿ. ಅವರ ಕಲ್ಲು ದುಂಡು, ಚಾಕುವಿನ ಅಂಚಿಗೆ ಹೇಳಿ ಮಾಡಿಸಿದ್ದು. ನಮಗೆ ಬೇಕಾದದ್ದು ಸಪಾಟು. ಗಾಜಿನ ಮೇಲೆ 1000 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಅಂಟಿಸಿದರೆ ಸಾಕು. ಬ್ಲೇಡುಗಳನ್ನು ಬಿಚ್ಚಿ, ಒಂದಕ್ಕೊಂದು ಉಜ್ಜುವ ಮುಖಕ್ಕೆ ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ. ಆ ಮುಖವನ್ನು ಕೆಳಗೆ ಮಾಡಿ, ಹಲ್ಲಿನ ಉದ್ದಕ್ಕೆ ನೇರವಾಗಿ, ಒಂದೇ ಒತ್ತಡದಲ್ಲಿ ಎಳೆಯಿರಿ. ಹಲ್ಲಿನ ತುದಿಗಳಲ್ಲಿ ಮಸಿ ಅಳಿಸಿದೊಡನೆ ನಿಲ್ಲಿಸಿ. ಕಾರ್ಖಾನೆಯಲ್ಲಿ ಈ ಮುಖವನ್ನು ನಡುವೆ ಕಣ್ಣಿಗೆ ಕಾಣದಷ್ಟು ತಗ್ಗಾಗಿ ಮಸೆದಿರುತ್ತಾರೆ. ಅತಿಯಾಗಿ ಉಜ್ಜಿದರೆ ಆ ತಗ್ಗು ಹೋಗಿ, ತುದಿಗಳ ಹಿಡಿತವೂ ಹೋಗುತ್ತದೆ. ಹಲ್ಲುಗಳ ಸಂದಿಗೆ ಅರ ಹಾಕಲೇಬಾರದು. ಸೆರಾಮಿಕ್ ಬ್ಲೇಡಿಗೆ ಈ ಕಾಗದ ನಾಟುವುದಿಲ್ಲ.

ಮತ್ತೆ ಜೋಡಿಸುವುದರಲ್ಲೇ ನಿಜವಾದ ಕುಶಲತೆ. ಮೇಲಿನ ಬ್ಲೇಡಿನ ತುದಿ ಕೆಳಗಿನದಕ್ಕಿಂತ ಒಂದು ಮಿಲಿಮೀಟರಿಗೆ ಸ್ವಲ್ಪ ಕಡಿಮೆ ಹಿಂದಿರಲಿ, ಎರಡೂ ಸಾಲು ಸಮಾನಾಂತರವಾಗಿರಲಿ. ಮುಂದೆ ಬಂದರೆ ಮಕ್ಕಳ ಕತ್ತು ಗೀರುತ್ತದೆ. ಮೊದಲ ಪ್ರಯೋಗ ನಿಮ್ಮ ಮುಂಗೈ ಕೂದಲಿನ ಮೇಲೇ ಆಗಲಿ.

ಇಷ್ಟಾದರೂ ಕೀಳುತ್ತಿದ್ದರೆ ಹೊಸ ಬ್ಲೇಡ್ ಜೋಡಿ ತನ್ನಿ. ಮೋಟಾರ್ ಗಟ್ಟಿಯಾಗಿರುವ ತನಕ ಮಷಿನ್ ಎಸೆಯುವುದು ದುಂದು.