ಎರಡು ಕಡಲುಗಳ ನಡುವಣ ತಡೆ: ಕುರಾನಿನ ಸಮುದ್ರವಾಕ್ಯಗಳ ಅರ್ಥವಿಚಾರ

ಧರ್ಮಗ್ರಂಥಗಳಲ್ಲಿ ನವೀನ ಭೌತಶಾಸ್ತ್ರವನ್ನು ಕಾಣುವ ಪ್ರವೃತ್ತಿಯು ಒಂದು ಮತಕ್ಕೆ ಮಾತ್ರ ಸೇರಿದುದಲ್ಲ. ದಯಾನಂದ ಸರಸ್ವತಿಗಳು ಋಗ್ವೇದಾದಿಭಾಷ್ಯಭೂಮಿಕೆಯಲ್ಲಿ ವಿಮಾನವಿದ್ಯೆಯನ್ನೂ ತಂತೀವಿದ್ಯೆಯನ್ನೂ ವೇದಮಂತ್ರಗಳಿಂದಲೇ ಹೊರಡಿಸಿದರು. ಇಸ್ಲಾಮೀಯರಲ್ಲಿ ಈ ಮಾರ್ಗವನ್ನು ಹಿಡಿದವರು ಕುರಾನಿನ ಸಮುದ್ರವಾಕ್ಯಗಳನ್ನು ವಿಶೇಷವಾಗಿ ಉದಾಹರಿಸುವರು. ಮಾರಿಸ್ ಬುಕೈ ಎಂಬ ಫ್ರೆಂಚ್ ವೈದ್ಯರು ೧೯೭೬ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇಂತಹ ವಾದಗಳಿಗೆ ಬಹಳ ಪ್ರಚಾರವುಂಟಾಯಿತು. ಅದರ ಬಲಾಬಲಗಳು ಇಲ್ಲಿ ವಿಚಾರಣೀಯವಾಗಿವೆ.

ಪೂರ್ವಪಕ್ಷವನ್ನು ಮೊದಲು ನಿರೂಪಿಸುವೆವು. ೨೫ನೆಯ ಅಧ್ಯಾಯದ ೫೩ನೆಯ ವಾಕ್ಯವು ಸಿಹಿನೀರಿನ ಕಡಲಿಗೂ ಉಪ್ಪುನೀರಿನ ಕಡಲಿಗೂ ನಡುವೆ ದೇವರು ‘ಬರ್ಜಖ್’, ಎಂದರೆ ತಡೆಯನ್ನು, ಇಟ್ಟನೆಂದು ತಿಳಿಸುವುದು. ೫೫ನೆಯ ಅಧ್ಯಾಯದಲ್ಲಿ ಎರಡು ಕಡಲುಗಳು ಸಂಧಿಸಿದರೂ ತಡೆಯನ್ನು ಮೀರವೆಂದಿದೆ. ಜಿಬ್ರಾಲ್ಟರ್ ಜಲಸಂಧಿಯಲ್ಲಿ ಸಾವಿರಕ್ಕೆ ಸುಮಾರು ೩೮ ಭಾಗ ಲವಣವುಳ್ಳ ಮೆಡಿಟರೇನಿಯನ್ ಜಲವೂ ಸುಮಾರು ೩೬ ಭಾಗವುಳ್ಳ ಅಟ್ಲಾಂಟಿಕ್ ಜಲವೂ ಬೇರೆ ಬೇರೆ ಸ್ತರಗಳಾಗಿರುವುವು. ಏಳನೆಯ ಶತಮಾನದ ಅರಬರು ಇದನ್ನರಿತಿರಲಾರರು. ಆದುದರಿಂದ ಗ್ರಂಥವು ಈಶ್ವರಪ್ರೋಕ್ತವೆಂದು ಅವರ ವಾದ.

ಸ್ತರಭೇದವುಂಟೆಂಬುದು ನಿರ್ವಿವಾದ. ಆದರೆ ಅಲ್ಲಿ ಮೀರಲಾಗದ ತಡೆಯಿಲ್ಲ. ಅಟ್ಲಾಂಟಿಕ್ ಜಲವು ಮೇಲುಭಾಗದಲ್ಲಿ ಒಳಹರಿಯುವುದು. ಭಾರವಾದ ಮೆಡಿಟರೇನಿಯನ್ ಜಲವು ಕೆಳಗೆ ಹೊರಹರಿದು, ಸುಮಾರು ೧೦೦೦ ಮೀಟರ್ ಆಳಕ್ಕಿಳಿಯುತ್ತ ಸುತ್ತಣ ನೀರಿನೊಡನೆ ಬೆರೆತು ತನ್ನ ಲವಣಾಧಿಕ್ಯವನ್ನು ಕಳೆದುಕೊಳ್ಳುವುದು. ಮೇಲಾಗಿ ೨೫ನೆಯ ಅಧ್ಯಾಯದ ಮಾತು ಸಿಹಿನೀರಿನದು. ಜಿಬ್ರಾಲ್ಟರಿನ ಎರಡು ಜಲಗಳೂ ಉಪ್ಪು. ಬುಕೈ ಅವರೇ ಇದನ್ನು ದೊಡ್ಡ ನದಿಗಳ ಮುಖಕ್ಕೆ ಅನ್ವಯಿಸಿದರು. ಸಿಹಿನೀರು ಉಪ್ಪುನೀರಿನ ಮೇಲೆ ತೇಲುವುದೆಂಬುದನ್ನಾದರೋ ಕ್ರಿ. ಶ. ೭೯ರಲ್ಲಿ ಮೃತನಾದ ರೋಮಿನ ಪ್ಲಿನಿಯು ಆಗಲೇ ಬರೆದಿದ್ದನು. ‘ಎರಡು ಕಡಲು’ ಎಂದೇ ಅರ್ಥವುಳ್ಳ ಬಹರೈನಿನಲ್ಲಿ, ಉಪ್ಪುಕಡಲಿನ ತಳದಿಂದ ಚಿಮ್ಮುವ ಸಿಹಿನೀರನ್ನು ಮುಳುಗುಗಾರರು ಚರ್ಮದ ಚೀಲಗಳಲ್ಲಿ ತುಂಬಿ ತರುತ್ತಿದ್ದರು.

ಪ್ರಾಚೀನ ವ್ಯಾಖ್ಯಾನಗಳಿಂದ ಇನ್ನೊಂದು ಪಾಠವುಂಟು. ಕ್ರಿ. ಶ. ೯೨೩ರಲ್ಲಿ ದಿವಂಗತನಾದ ತಬರಿಯು ೫೫ನೆಯ ಅಧ್ಯಾಯದ ಎರಡು ಕಡಲುಗಳ ವಿಷಯದಲ್ಲಿ ಭಿನ್ನಮತಗಳನ್ನು ಸಂಗ್ರಹಿಸಿರುವನು. ಪಾರಸೀಕ ಮತ್ತು ರೂಮೀ ಸಮುದ್ರಗಳೆಂದು ಕೆಲವರು. ಆಕಾಶದ ಕಡಲು ಮತ್ತು ಭೂಮಿಯ ಕಡಲು ಎಂದು ಕೆಲವರು. ತಬರಿಯು ಎರಡನೆಯದನ್ನೇ ಸ್ವೀಕರಿಸಿದನು. ಮುಂದೆ ೨೨ನೆಯ ವಾಕ್ಯದಲ್ಲಿ ಎರಡರಿಂದಲೂ ಮುತ್ತು ಹುಟ್ಟುವುದೆಂದಿದೆಯಷ್ಟೆ. ಆಕಾಶದ ಮಳೆಹನಿಯು ಕಡಲ ಚಿಪ್ಪಿನಲ್ಲಿ ಬಿದ್ದು ಮುತ್ತಾಗುವುದೆಂಬುದೇ ಅವನ ಯುಕ್ತಿ. ಸ್ವಾತಿಯ ಹನಿ ಮುತ್ತಾಗುವುದೆಂಬ ನಮ್ಮ ಕವಿಗಳ ನಂಬಿಕೆಯೂ ಇದೇ. ಮುತ್ತು ಚಿಪ್ಪಿನ ಪ್ರಾಣಿಯ ಸ್ರಾವದಿಂದ ಪದರಪದರವಾಗಿ ಬೆಳೆಯುವುದೆಂದು ಈಗ ಸಿದ್ಧವಾಗಿದೆ. ಅಂದಿನ ಪದಾರ್ಥವಿಜ್ಞಾನವನ್ನು ಆಶ್ರಯಿಸಿದ ಅರ್ಥವು ಅದರೊಡನೆಯೇ ಬಿದ್ದುಹೋಯಿತು, ಗ್ರಂಥ ಬೀಳಲಿಲ್ಲ. ಇಂದಿನ ಅರ್ಥಕ್ಕೂ ಅದೇ ಅಪಾಯವಿಲ್ಲವೆಂದು ಯಾರು ಹೇಳಬಲ್ಲರು?

ಹಾಗಾದರೆ ತಾತ್ಪರ್ಯವನ್ನು ನಿರ್ಣಯಿಸುವುದು ಹೇಗೆ? ಮೀಮಾಂಸಕರು ಉಪಕ್ರಮ, ಉಪಸಂಹಾರ, ಅಭ್ಯಾಸ ಮೊದಲಾದ ಲಿಂಗಗಳನ್ನು ಹೇಳಿರುವರು. ೫೫ನೆಯ ಅಧ್ಯಾಯದ ೭೮ ವಾಕ್ಯಗಳಲ್ಲಿ, ಪ್ರಭುವಿನ ಯಾವ ಅನುಗ್ರಹವನ್ನು ಅಲ್ಲಗಳೆಯುವಿರೆಂಬ ಪ್ರಶ್ನೆ ೩೧ ಸಲ ಬರುವುದು. ಶ್ರೋತೃಗಳು ಕಂಡುಂಡ ಅನುಗ್ರಹವನ್ನಲ್ಲವೆ ಅಲ್ಲಗಳೆಯಲಾದೀತು? ಅಂತೆಯೇ ೨೪ನೆಯ ಅಧ್ಯಾಯದ ೪೦ನೆಯ ವಾಕ್ಯದಲ್ಲಿ ಅಲೆಯ ಮೇಲಲೆ, ಅದರ ಮೇಲೆ ಮೋಡ ಕವಿದ ಆಳಗಡಲಿನ ಕತ್ತಲೆಯಿದೆ. ೧೯೦೪ರಲ್ಲಿ ಎಕ್ಮನ್ ವಿವರಿಸಿದ ಅಂತರ್ಜಲತರಂಗಗಳೇ ಇವೆಂದು ನವೀನರ ಮತ. ಪ್ರಕರಣವನ್ನು ನೋಡಿರಿ: ೩೫ನೆಯ ವಾಕ್ಯದಲ್ಲಿ ದೇವರ ಜ್ಯೋತಿ, ೩೯ರಲ್ಲಿ ಮರೀಚಿಕೆ, ೪೦ರಲ್ಲಿ ಕತ್ತಲೆ, ದೇವರು ಬೆಳಕು ಕೊಡದವನಿಗೆ ಬೆಳಕಿಲ್ಲವೆಂದು ಉಪಸಂಹಾರ. ಅಶ್ರದ್ಧನ ಕರ್ಮಕ್ಕೆ ಸಮುದ್ರವು ಉಪಮಾನ. ಉಪಮಾನವು ಪ್ರಸಿದ್ಧವಾಗಿರಬೇಕೆಂಬುದು ಆಲಂಕಾರಿಕರ ನಿಯಮ. ಸಾವಿರದಿನ್ನೂರು ವರ್ಷ ಯಾರಿಗೂ ತಿಳಿಯದ ವಸ್ತುವಾದರೆ ಅದು ಉಪಮೇಯವನ್ನು ಬೆಳಗುವುದೆಂತು? ನಾವಿಕನ ಭಯವನ್ನು ತೆಗೆದು ಯಂತ್ರದ ಅಳತೆಯನ್ನಿಟ್ಟರೆ ಉಪಮೆಯೇ ನಷ್ಟವಾಗುವುದು.

ಈ ವಿವೇಕವು ಇಸ್ಲಾಮೀಯ ಪಂಡಿತರಿಗೆ ಹೊಸತಲ್ಲ. ೧೩೮೮ರಲ್ಲಿ ದಿವಂಗತನಾದ ಗ್ರನಾಡದ ಶಾತಿಬಿಯು, ಕುರಾನಿನ ಪ್ರಥಮ ಶ್ರೋತೃಗಳು ಅರಿಯದ ಶಾಸ್ತ್ರಗಳನ್ನೆಲ್ಲ ಅದರಲ್ಲಿ ಹುಡುಕುವುದನ್ನು ಅಲ್-ಮುವಾಫಕಾತ್ ಗ್ರಂಥದಲ್ಲಿ ನಿಷೇಧಿಸಿರುವನು. ಪ್ರತ್ಯಕ್ಷಾದಿಗಳ ವಿಷಯದಲ್ಲಿ ಶ್ರುತಿಯು ಪ್ರಮಾಣವಲ್ಲವೆಂದು ಗೀತಾಭಾಷ್ಯದಲ್ಲಿ ಶಂಕರರ ನಿರ್ಣಯವೂ ಇದಕ್ಕೆ ಸಂವಾದಿಯಾಗಿದೆ. ಕಡಲನ್ನು ಅಳೆಯುವುದು ನಾವಿಕಶಾಸ್ತ್ರದ ಅಧಿಕಾರ; ಕಡಲನ್ನು ತೋರಿಸಿ ಮನುಷ್ಯನನ್ನು ವಿನಯಕ್ಕೆ ಕರೆಯುವುದು ಧರ್ಮಗ್ರಂಥದ ಅಧಿಕಾರ. ಈ ಅಧಿಕಾರಭೇದವನ್ನು ಕಾಪಾಡಿದಲ್ಲಿ ಎರಡಕ್ಕೂ ಹಾನಿಯಿಲ್ಲವೆಂದು ಸಿದ್ಧವಾಯಿತು.